ನಗೆಯ ನಾಟಕಕ್ಕೊಂದು ಸಾಕ್ಷಿ

ಪ್ಯಾಂಟೊಮೈಮ್ ಎಂಬ ಪದಕ್ಕೆ ನಮ್ಮ ನಿಘಂಟುಗಳು ಮೂಕಾಭಿನಯ ಎಂಬ ಅರ್ಥ ಕೊಡುತ್ತವೆ. ಇಂಗ್ಲೆಂಡಿನ ಉತ್ತರ ಭಾಗದ ಸಣ್ಣ ಪಟ್ಟಣವೊಂದಕ್ಕೆ ಕೆಲಸಕ್ಕೆಂದು ಬಂದ ಮೊದಲ ಜನವರಿಯಲ್ಲಿ, ಆಸ್ಪತ್ರೆಯ ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರು ತಮ್ಮ ಊರಿನ ಹವ್ಯಾಸಿ ತಂಡದ ಪ್ಯಾಂಟೊಮೈಮ್ ನೋಡಲು ಕರೆದಾಗ, ನಾನು ಆ ಅರ್ಥವನ್ನೇ ನಂಬಿಕೊಂಡು ಹೋಗಿದ್ದೆ. ಬಿಳಿ ಬಳಿದ ಮುಖ, ಕಪ್ಪು ಬಟ್ಟೆ, ಇಲ್ಲದ ಗೋಡೆಯನ್ನು ತಡವುವ ಕೈಗಳು ಕಾಣಿಸಬಹುದೆಂದು ಕಾದು ಕುಳಿತಿದ್ದೆ. ಪರದೆ ಸರಿದು ಐದು ನಿಮಿಷವಾಗುವಷ್ಟರಲ್ಲಿ ಚರ್ಚಿನ ಆ ಸಭಾಂಗಣದಲ್ಲಿದ್ದ 200 ಜನ ಒಂದೇ ಗಂಟಲಿನಲ್ಲಿ ಕೂಗುತ್ತಿದ್ದರು. ಖಳನಾಯಕ ಬಂದರೆ ಧಿಕ್ಕಾರ, ದೆವ್ವ ಬಂದರೆ ‘ನಿನ್ನ ಹಿಂದೆಯೇ ಇದೆ’ ಎಂಬ ಎಚ್ಚರಿಕೆ, ರಂಗದ ಮೇಲಿನವರು ‘ಹೌದು’ ಎಂದರೆ ಕೆಳಗಿನವರು ‘ಅಲ್ಲ’ ಎನ್ನುವ ವಾದ. ಮುಂದಿನ ಸಾಲಿನ ಅಜ್ಜಿಯೊಬ್ಬರು ಮೊಮ್ಮಕ್ಕಳಿಗಿಂತ ಜೋರಾಗಿ ಕೂಗುತ್ತಿದ್ದರು. ಸಾಗರದ ಕಡೆಯ ಹಳ್ಳಿಯಲ್ಲಿ ಗದ್ದೆಯ ಬಯಲಿನಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದ ನನಗೆ, ಊರು ಬಿಟ್ಟು ಬಂದ ಮೇಲೆ ಮೊದಲ ಬಾರಿಗೆ ಪರಿಚಯದ ಜಾಗದಲ್ಲಿ ಕುಳಿತಂತೆ ಅನ್ನಿಸಿದ್ದು ಆ ರಾತ್ರಿ.

ಇಷ್ಟು ಗದ್ದಲದ ಕಲೆಗೆ ಮೌನದ ಹೆಸರು ಬಂದದ್ದು ಹೇಗೆಂದು ಆಮೇಲೆ ಓದಿ ತಿಳಿದುಕೊಂಡೆ. 18ನೆಯ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್ ರಂಗಮಂದಿರದಲ್ಲಿ ಜಾನ್ ರಿಚ್ ಎಂಬ ನಟ, ಇಟಲಿಯ ಹಾಸ್ಯ ನಾಟಕಗಳಿಂದ ಬಂದ ಹಾರ್ಲೆಕ್ವಿನ್ ಎಂಬ ಪಾತ್ರವನ್ನು ಒಂದು ಮಾತೂ ಆಡದೆ, ಬರೀ ಮೈಯಿಂದಲೇ ಕಟ್ಟಿ ಪ್ರಸಿದ್ಧನಾದ. ಆ ಕಾಲದಲ್ಲಿ ಮಾತಿನ ನಾಟಕ ಆಡುವ ಹಕ್ಕು ಅರಸೊತ್ತಿಗೆಯ ಪರವಾನಗಿ ಇದ್ದ ಬೆರಳೆಣಿಕೆಯ ರಂಗಮಂದಿರಗಳಿಗೆ ಮಾತ್ರ ಇತ್ತು. ಉಳಿದವರು ಹಾಡು, ಕುಣಿತ, ಸನ್ನೆ, ಲಾಗಗಳಿಂದಲೇ ಹೊಟ್ಟೆ ಹೊರೆಯಬೇಕಾಗಿತ್ತು. 1843ರ ಕಾಯ್ದೆ ಆ ಕಟ್ಟನ್ನು ಬಿಚ್ಚಿದ ಮೇಲೆ ಪ್ಯಾಂಟೊಮೈಮಿಗೆ ಬಾಯಿ ಬಂತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಅದಕ್ಕೂ ಮೊದಲೇ, 1806ರಲ್ಲಿ, ಕಾವೆಂಟ್ ಗಾರ್ಡನ್ನಿನಲ್ಲಿ ಜೋಸೆಫ್ ಗ್ರಿಮಾಲ್ಡಿ ವಿದೂಷಕನ ಪಾತ್ರದಿಂದ ಊರನ್ನೇ ಗೆದ್ದಿದ್ದ. ಶತಮಾನದ ಕೊನೆಗೆ ಡ್ರೂರಿ ಲೇನ್ ರಂಗಮಂದಿರದ ಆಗಸ್ಟಸ್ ಹ್ಯಾರಿಸ್, ಮ್ಯೂಸಿಕ್ ಹಾಲ್‌ಗಳ ಹಾಡುಗಾರರನ್ನೂ ನಗೆಗಾರರನ್ನೂ ಕರೆತಂದು, ಇಂದು ನಾವು ನೋಡುವ ರೂಪವನ್ನು ಬಹುಮಟ್ಟಿಗೆ ನಿಲ್ಲಿಸಿದ. 1888ರಿಂದ ಅಲ್ಲಿ ಆಡತೊಡಗಿದ ಡ್ಯಾನ್ ಲೀನೊ, ಗಂಡಸು ಹಾಕುವ ಮುದುಕಿಯ ವೇಷಕ್ಕೆ, ಅಂದರೆ ಇಲ್ಲಿನವರು ‘ಡೇಮ್’ ಎನ್ನುವ ಪಾತ್ರಕ್ಕೆ, ಮನುಷ್ಯರ ದುಃಖ ದುಮ್ಮಾನಗಳನ್ನೂ ಸೇರಿಸಿದ.

ನಾನು ವಿಮರ್ಶೆ ಬರೆಯತೊಡಗಿದ್ದು ಆಕಸ್ಮಿಕವಾಗಿ. ಆಟ ನೋಡುತ್ತ ಸಣ್ಣ ಪುಸ್ತಕದಲ್ಲಿ ಏನಾದರೂ ಗುರುತು ಹಾಕಿಕೊಳ್ಳುವುದು ನನಗೆ ಮೊದಲಿನಿಂದ ಅಭ್ಯಾಸ. ಅದನ್ನು ಕಂಡ ಆ ಸಹೋದ್ಯೋಗಿ, ಪಟ್ಟಣದ ತಿಂಗಳ ಸುದ್ದಿಪತ್ರಕ್ಕೆ ನಾಟಕಗಳ ಬಗ್ಗೆ ಬರೆಯುತ್ತಿದ್ದವರು ಬೇರೆ ಊರಿಗೆ ಹೋಗಿದ್ದಾರೆ, ನೀವು ಬರೆಯಬಹುದಲ್ಲ ಎಂದು ಕೇಳಿದರು. ಈಗ 11 ವರ್ಷಗಳಾದವು. ಸುತ್ತಲಿನ ಏಳೆಂಟು ಪಟ್ಟಣಗಳ ತಂಡಗಳು ವರ್ಷಕ್ಕೆ ಮೂರರಂತೆ ಆಡುತ್ತವೆ: ವಸಂತದಲ್ಲಿ ಒಂದು ಸಂಗೀತ ನಾಟಕ, ಶರತ್ಕಾಲದಲ್ಲಿ ಒಂದು ಹಾಸ್ಯ ನಾಟಕ, ಜನವರಿಯಲ್ಲಿ ಪ್ಯಾಂಟೊಮೈಮ್. ಆಡುವವರಲ್ಲಿ ಶಾಲಾ ಶಿಕ್ಷಕಿ, ಕೊಳಾಯಿ ರಿಪೇರಿಯವನು, ನಿವೃತ್ತ ಬಸ್ ಚಾಲಕ, ಬ್ಯಾಂಕಿನ ಗುಮಾಸ್ತೆ ಎಲ್ಲರೂ ಇದ್ದಾರೆ. ಪ್ಯಾಂಟೊಮೈಮಿಗೆ ಸೆಪ್ಟೆಂಬರಿನಿಂದ ವಾರಕ್ಕೆ ಎರಡು ಸಂಜೆ ತಾಲೀಮು. ಕೊನೆಯ ಭಾನುವಾರ ಎಲ್ಲರೂ ಕೂಡಿ ಸೀನರಿ ಏರಿಸುತ್ತಾರೆ. ಬುಧವಾರದಿಂದ ಶನಿವಾರದವರೆಗೆ ಆಟ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಳಚಿ, ಸೋಮವಾರ ಆ ಸಭಾಂಗಣದಲ್ಲಿ ಮತ್ತೆ ಹಿರಿಯರ ವ್ಯಾಯಾಮದ ತರಗತಿ ನಡೆಯುತ್ತದೆ.

ಈ ಲೆಕ್ಕದಲ್ಲಿ ನನ್ನ ಬರಹ ಅಚ್ಚಾಗುವಷ್ಟರಲ್ಲಿ ನಾಟಕ ಮುಗಿದು ಎರಡು ಮೂರು ವಾರಗಳಾಗಿರುತ್ತವೆ. ವೃತ್ತಿಪರ ವಿಮರ್ಶಕರು ಬರೆಯುವುದು ಮುಖ್ಯವಾಗಿ ಟಿಕೆಟ್ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವ ಓದುಗರಿಗೆ. ನನ್ನ ಓದುಗರಿಗೆ ಕೊಳ್ಳಲು ಟಿಕೆಟ್ಟೇ ಇಲ್ಲ. ಹಾಗಾದರೆ ನಾನು ಯಾರಿಗೆ ಬರೆಯುತ್ತಿದ್ದೇನೆ ಎಂಬ ಪ್ರಶ್ನೆ ಮೊದಲ ಎರಡು ವರ್ಷ ನನ್ನನ್ನು ಕಾಡಿತು. ಉತ್ತರ ಸಿಕ್ಕಿದ್ದು ತಂಡವೊಂದರ ಹಳೆಯ ಕಡತ ನೋಡಿದಾಗ. 1950ರ ದಶಕದ ಪ್ರಯೋಗಗಳ ಬಗ್ಗೆ ಅದರಲ್ಲಿ ಇದ್ದದ್ದು ನಟರ ಪಟ್ಟಿ, ಗೋಡೆಗೆ ಒರಗಿ ನಿಂತ ಒಂದು ಗುಂಪಿನ ಚಿತ್ರ ಮತ್ತು ಪತ್ರಿಕೆಯ ತುಣುಕು. ಪ್ರದರ್ಶನವು ಬಹಳ ವಿನೋದಮಯವಾಗಿತ್ತೆಂದೂ ಎಲ್ಲರೂ ಚೆನ್ನಾಗಿ ಅಭಿನಯಿಸಿದರೆಂದೂ ಆ ತುಣುಕು ಹೇಳುತ್ತಿತ್ತು. ನಾಲ್ಕು ತಿಂಗಳ ದುಡಿಮೆಯಿಂದ ಒಂದು ಊರು ನಾಲ್ಕು ರಾತ್ರಿ ನಕ್ಕಿತ್ತು, ಆ ನಗು ಎಂಥದು, ಯಾವ ಮಾತಿಗೆ, ಯಾರ ಯಾವ ಚಲನೆಗೆ ಬಂತು ಎಂಬುದು ಎಲ್ಲಿಯೂ ಉಳಿದಿರಲಿಲ್ಲ. ಹವ್ಯಾಸಿ ರಂಗಭೂಮಿಯ ವಿಮರ್ಶಕ ಮೊದಲು ಸಾಕ್ಷಿ, ಆಮೇಲೆ ತೀರ್ಪುಗಾರ ಎಂದು ಅಂದೇ ನಿರ್ಧರಿಸಿಕೊಂಡೆ.

ಆ ತುಣುಕಿನ ಭಾಷೆ ನನಗೆ ಹೊಸದಾಗಿರಲಿಲ್ಲ. ಊರಿನಲ್ಲಿದ್ದಾಗ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ‘ಪ್ರೇಕ್ಷಕರನ್ನು ನಗೆಗಡಲಲ್ಲಿ ತೇಲಿಸಿದರು’, ‘ಪಾತ್ರಕ್ಕೆ ಜೀವ ತುಂಬಿದರು’, ‘ಮನೋಜ್ಞ ಅಭಿನಯ ನೀಡಿದರು’ ಎಂಬ ವಾಕ್ಯಗಳನ್ನು ಓದಿಯೇ ಬೆಳೆದವನು ನಾನು. ಗಂಭೀರ ನಾಟಕವಾದರೆ ನಾಲ್ಕು ಕಾಲಮ್ಮಿನ ಚರ್ಚೆ ಬರುತ್ತಿತ್ತು. ಹಾಸ್ಯ ನಾಟಕಕ್ಕೆ ಮಾತ್ರ ಆ ಒಂದು ಕಡಲು. ನಗಿಸುವುದು ಸುಲಭ, ಅದರಲ್ಲಿ ವಿಮರ್ಶಿಸಲು ಏನೂ ಇಲ್ಲ ಎಂಬ ನಂಬಿಕೆ ಇಲ್ಲಿಯೂ ಇದೆ, ಅಲ್ಲಿಯೂ ಇದೆ. ‘ಸದಾರಮೆ’ಯ ಕಳ್ಳನಾಗಿ ಗುಬ್ಬಿ ವೀರಣ್ಣನವರು ಹೇಗೆ ರಂಗಕ್ಕೆ ಬರುತ್ತಿದ್ದರು, ಎಷ್ಟು ಹೊತ್ತು ಸುಮ್ಮನಿದ್ದು ಮೊದಲ ಮಾತು ಆಡುತ್ತಿದ್ದರು, ಆ ಮಾತು ಯಾವ ಸಾಲಿನವರೆಗೆ ಕೇಳುತ್ತಿತ್ತು ಎಂದು ಯಾರಾದರೂ ಪುಟಗಟ್ಟಲೆ ಬರೆದಿಟ್ಟಿದ್ದರೆ ನಮಗೆ ಇಂದು ಎಷ್ಟು ದೊಡ್ಡ ಆಸ್ತಿಯಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಸಾಕ್ಷಿ ಹೇಳಲು ಕಣ್ಣು ಪಳಗಬೇಕು. ನನ್ನ ಮೊದಲ ಪ್ಯಾಂಟೊಮೈಮ್ ವಿಮರ್ಶೆಯಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಡೇಮ್ ಪಾತ್ರ ಮಾಡಿದ ನಿವೃತ್ತ ಬಸ್ ಚಾಲಕರ ನಡಿಗೆಯಲ್ಲಿ ಹೆಣ್ಣಿನ ಲಾಲಿತ್ಯವಿಲ್ಲ, ದನಿ ಗಡಸಾಗಿಯೇ ಉಳಿಯಿತು, ಲಂಗದ ಕೆಳಗೆ ಬೂಟುಗಳು ಕಾಣಿಸುತ್ತಿದ್ದವು ಎಂದು ಬರೆದೆ. ನನ್ನ ಮನಸ್ಸಿನಲ್ಲಿದ್ದ ಅಳತೆಗೋಲು ಯಕ್ಷಗಾನದ ಸ್ತ್ರೀವೇಷದ್ದು. ಮಂಟಪ ಪ್ರಭಾಕರ ಉಪಾಧ್ಯರ ವೇಷ ನೋಡಿದವರಿಗೆ ಗೊತ್ತು: ಅಲ್ಲಿ ಗಂಡು ಮೈಯೊಂದು ಹಂತಹಂತವಾಗಿ ಕರಗಿ, ಪ್ರೇಕ್ಷಕ ಅದನ್ನು ಮರೆಯುವುದೇ ಕಲೆಯ ಗುರಿ. ಮುಂದಿನ ನಾಟಕದ ವಿರಾಮದಲ್ಲಿ ಆ ಹಿರಿಯರು ಚಹಾ ಕಪ್ಪು ಹಿಡಿದು ನನ್ನ ಪಕ್ಕಕ್ಕೆ ಬಂದು ಕುಳಿತರು. ಕೋಪವಿರಲಿಲ್ಲ. ತಾನು ಹೆಂಗಸು ಎಂದು ಒಂದು ಕ್ಷಣ ಯಾರಾದರೂ ನಂಬಿಬಿಟ್ಟರೆ ತನ್ನ ಕೆಲಸ ಕೆಟ್ಟಿತೆಂದೇ ಅರ್ಥ, ಬೂಟು ಕಾಣಲೆಂದೇ ಲಂಗವನ್ನು ಗಿಡ್ಡ ಹೊಲಿಸಿದ್ದು ಎಂದು ವಿವರಿಸಿ ಹೇಳಿದರು. ಡೇಮ್ ಎಂದರೆ ಗಂಡಸೊಬ್ಬ ತಾಯಿಯಾಗಿ, ವಿಧವೆಯಾಗಿ, ಅಡುಗೆಯವಳಾಗಿ ನಿಂತಿದ್ದಾನೆ ಎಂಬ ಅರಿವು ಕೊನೆಯವರೆಗೂ ಸಭೆಗೆ ಇರಬೇಕು. ಆ ಅರಿವಿನ ನಡುವೆಯೂ, ಮನೆ ಬಾಡಿಗೆಗೆ ದುಡ್ಡಿಲ್ಲದೆ ಮಗನನ್ನು ಹಸು ಮಾರಲು ಕಳಿಸುವ ತಾಯಿಯ ಸಂಕಟ ಮಕ್ಕಳಿಗೆ ಮುಟ್ಟಬೇಕು. ಎರಡನ್ನೂ ಒಟ್ಟಿಗೆ ಹಿಡಿಯುವುದು ಸಣ್ಣ ಕೆಲಸವಲ್ಲ. ಆಮೇಲೆ ಯೋಚಿಸಿದಾಗ ಈ ಪಾತ್ರದ ಹತ್ತಿರದ ಸಂಬಂಧಿ ನಮ್ಮ ಸ್ತ್ರೀವೇಷಧಾರಿ ಅಲ್ಲ, ಮುದುಕಿಯಾಗಿಯೂ ಬರುವ ನಮ್ಮ ಮೇಳದ ಹಾಸ್ಯಗಾರ ಎಂದು ಹೊಳೆಯಿತು. ಮುಂದಿನ ತಿಂಗಳ ಬರಹದಲ್ಲಿ ನನ್ನ ತಪ್ಪನ್ನು ತಿದ್ದಿ ಬರೆದೆ. ಒಂದು ಪರಂಪರೆಯ ಒಳಗಿನ ನಿಯಮ ತಿಳಿಯದೆ ಅದರ ದೋಷ ಎಣಿಸಬಾರದು ಎಂಬುದನ್ನು ನನಗೆ ಯಾವ ಪುಸ್ತಕವೂ ಅವರಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಅಂಥ ನಿಯಮಗಳು ಪ್ಯಾಂಟೊಮೈಮಿನಲ್ಲಿ ಬಹಳ ಇವೆ. ಸಭೆಯ ಕಡೆಗೆ ಮುಖ ಮಾಡಿ ನಿಂತ ನಟನ ಎಡಗಡೆಯಿಂದ ಖಳ ಬರುತ್ತಾನೆ, ಬಲಗಡೆಯಿಂದ ಒಳ್ಳೆಯ ದೇವತೆ ಬರುತ್ತಾಳೆ. ಸಂಪ್ರದಾಯದಂತೆ ನಾಯಕ ಹುಡುಗನ ಪಾತ್ರ ಮಾಡುವವಳು ತರುಣಿ. ನಾಟಕದ ಕೊನೆಯ ಪ್ರಾಸದ ಎರಡು ಸಾಲುಗಳನ್ನು ತಾಲೀಮಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮೊದಲ ಪ್ರದರ್ಶನದ ರಾತ್ರಿಯೇ ಅವು ಮೊದಲ ಬಾರಿ ಕೇಳಿಸುತ್ತವೆ, ಹಾಗಲ್ಲದಿದ್ದರೆ ಅಪಶಕುನವೆಂಬ ನಂಬಿಕೆ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆಯಾಗದೆ ಗೆಜ್ಜೆ ಕಟ್ಟದವರ ನಾಡಿನಿಂದ ಬಂದವನಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಕಷ್ಟವಾಗಲಿಲ್ಲ.

ಹಾಸ್ಯ ನಾಟಕದ ವಿಮರ್ಶೆ ಇದಕ್ಕಿಂತ ಕಠಿಣ. ಪ್ಯಾಂಟೊಮೈಮಿನಲ್ಲಿ ಸಭೆಯೂ ಪಾತ್ರವಾದ್ದರಿಂದ ಸಣ್ಣಪುಟ್ಟ ಕುಂದುಗಳು ಗದ್ದಲದಲ್ಲಿ ಮುಚ್ಚಿಹೋಗುತ್ತವೆ. ಪಾತ್ರಗಳು ಹಲವು ಬಾಗಿಲುಗಳಿಂದ ಸರಿಯಾದ ಕ್ಷಣಕ್ಕೆ ಬಂದುಹೋಗುವುದರ ಮೇಲೆಯೇ ನಿಂತ ಪ್ರಹಸನದಲ್ಲಿ ಹಾಗಿಲ್ಲ. ಮೈಕೆಲ್ ಫ್ರೇನ್ ಅವರ 1982ರ ‘ನಾಯ್ಸಸ್ ಆಫ್’ ನಾಟಕವನ್ನು ನೆರೆಯೂರಿನ ತಂಡವೊಂದು ಆಡಿದಾಗ ನಾನು ಬುಧವಾರವೂ ಹೋದೆ, ಶನಿವಾರವೂ ಹೋದೆ. ತಂಡವೊಂದು ನಾಟಕ ಆಡುವ ನಾಟಕ ಅದು: ಮೊದಲ ಅಂಕದಲ್ಲಿ ತಾಲೀಮು, ಎರಡನೆಯದರಲ್ಲಿ ಇಡೀ ಸೆಟ್ಟು ಹಿಂದುಮುಂದಾಗಿ ಅದೇ ನಾಟಕ ನೇಪಥ್ಯದಿಂದ ಕಾಣುವುದು, ಮೂರನೆಯದರಲ್ಲಿ ಎಲ್ಲವೂ ಕುಸಿದುಬೀಳುವುದು. ಬಾಗಿಲು ತೆರೆಯುವುದು ಅರ್ಧ ಸೆಕೆಂಡು ತಡವಾದರೆ ಹಿಂದಿನ ಹತ್ತು ನಿಮಿಷದ ಕಟ್ಟಡ ನೆಲಕ್ಕೆ ಬೀಳುತ್ತದೆ.

ಮನೆಗೆಲಸದ ಹೆಂಗಸಿನ ಪಾತ್ರ ಮಾಡುವವಳ ಕೈಯಲ್ಲಿ ಸಾರ್ಡೀನ್ ಮೀನಿನ ತಟ್ಟೆ ಇರುತ್ತದೆ. ಅದನ್ನು ಎಲ್ಲಿ ಇಡಬೇಕು, ಯಾವಾಗ ಒಯ್ಯಬೇಕು ಎಂಬುದೇ ನಾಟಕದುದ್ದಕ್ಕೂ ಒಂದು ತೊಡಕು. ಬುಧವಾರ ಆ ನಟಿ ತಟ್ಟೆ ಇಟ್ಟು, ತಿರುಗಿ, ತಕ್ಷಣ ಮುಂದಿನ ಮಾತು ಆಡಿದಳು. ಸಭೆ ನಗಲು ಬಾಯಿ ತೆರೆದದ್ದು ಹಾಗೆಯೇ ಮುಚ್ಚಿತು, ಆ ಮಾತೂ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಶನಿವಾರ ಅವಳು ತಟ್ಟೆ ಇಟ್ಟಳು. ಬಾಗಿಲವರೆಗೆ ನಡೆದಳು. ನಿಂತಳು. ತಿರುಗದೆ, ಕತ್ತು ಮಾತ್ರ ಸ್ವಲ್ಪ ಓರೆ ಮಾಡಿದಳು, ತಟ್ಟೆಯ ನೆನಪು ಬೆನ್ನಿಗೆ ಬಂದು ತಾಗಿದಂತೆ. ನಗು ಎದ್ದಿತು. ಅದು ಏರುತ್ತಿರುವಾಗ ಅವಳು ಅಲ್ಲಾಡಲಿಲ್ಲ. ಶಿಖರ ದಾಟಿ ಇಳಿಯಲು ಶುರುವಾಗಿ, ಇನ್ನೂ ಪೂರ್ತಿ ನಿಲ್ಲುವ ಮೊದಲೇ ತಿರುಗಿ ಮಾತು ಆಡಿದಳು. ಎರಡನೆಯ ನಗು ಮೊದಲಿನದರ ಹೆಗಲ ಮೇಲೆ ನಿಂತಿತು. ಮೂರು ದಿನಗಳಲ್ಲಿ ಅವಳಿಗೆ ಇದನ್ನು ಕಲಿಸಿದ್ದು ನಿರ್ದೇಶಕರಲ್ಲ, ಸಭೆ. ನಗೆಯನ್ನು ಕಾಯುವುದು, ಕಾದದ್ದು ಕಾಣದಂತೆ ಕಾಯುವುದು, ಆರಿಹೋಗುವ ಮೊದಲೇ ಎತ್ತಿಕೊಳ್ಳುವುದು ಸಂಗೀತಗಾರನ ಲಯಜ್ಞಾನಕ್ಕಿಂತ ಕಡಿಮೆಯ ವಿದ್ಯೆಯಲ್ಲ ಎಂದು ನಾನು ನಂಬುತ್ತೇನೆ. ಅವಳು ಸೊಗಸಾಗಿ ನಟಿಸಿದಳು ಎಂದಷ್ಟೇ ಬರೆದಿದ್ದರೆ ಆ ಓರೆಯಾದ ಕತ್ತು ಸೋಮವಾರದ ಹೊತ್ತಿಗೆ ಕಳೆದುಹೋಗುತ್ತಿತ್ತು.

ಎರಡು ರಾತ್ರಿ ಹೋಗುವುದರಿಂದ ಇನ್ನೊಂದು ಲಾಭವಿದೆ. ಬುಧವಾರ ಆ ಸಭಾಂಗಣದಲ್ಲಿ 60 ಜನ ಅಲ್ಲೊಬ್ಬರು ಇಲ್ಲೊಬ್ಬರು ಕೋಟು ಬಿಚ್ಚದೆ ಕುಳಿತಿದ್ದರು, ಶನಿವಾರ ಕುರ್ಚಿ ತುಂಬಿ ಗೋಡೆಗೆ ಒರಗಿಯೂ ಜನರಿದ್ದರು. ನಗು ಅಂಟುವ ವಸ್ತು, ಮೈಗೆ ಮೈ ಹತ್ತಿರವಿದ್ದರೆ ಮಾತ್ರ ಹರಡುತ್ತದೆ. ಬುಧವಾರದ ಮೌನಕ್ಕೆ ನಟರನ್ನೇ ಹೊಣೆ ಮಾಡಿದರೆ ಅದು ಸುಳ್ಳು ಸಾಕ್ಷಿ. ಅದಕ್ಕಾಗಿ ಸಭೆ ಎಷ್ಟು ತುಂಬಿತ್ತು, ಎಷ್ಟು ಚಳಿಯಿತ್ತು ಎಂಬುದನ್ನೂ ನಾನು ಬರೆಯುತ್ತೇನೆ. ಮುಂದಿನ ಸಾಲಿನಲ್ಲಿ ಕೂರುವುದಿಲ್ಲ, ಏಳನೆಯ ಸಾಲಿನ ಅಂಚಿನ ಕುರ್ಚಿ ಕೇಳಿ ಪಡೆಯುತ್ತೇನೆ. ಅಲ್ಲಿಂದ ರಂಗವೂ ಕಾಣುತ್ತದೆ, ಅರ್ಧ ಸಭೆಯ ಮುಖಗಳೂ ಕಾಣುತ್ತವೆ. ಕತ್ತಲೆಯಲ್ಲಿ ಪುಸ್ತಕ ನೋಡದೆ ಬರೆಯುವುದಕ್ಕೆ ಕೈ ಈಗ ಒಗ್ಗಿದೆ. ಒಂದು ಸಾಲಿನ ಮೇಲೆ ಇನ್ನೊಂದು ಕೂರದಂತೆ ಎಡಗೈ ಹೆಬ್ಬೆರಳನ್ನು ಕಾಗದದ ಅಂಚಿನಲ್ಲಿ ಕೆಳಕ್ಕೆ ಜಾರಿಸುತ್ತ ಹೋಗುತ್ತೇನೆ.

ಸಂಗೀತ ನಾಟಕದ ಬಗ್ಗೆ ಬರೆಯಲು ನನಗೆ ಬಹಳ ಕಾಲ ಹಿಡಿಯಿತು, ಏಕೆಂದರೆ ಅಲ್ಲಿಯೂ ನನ್ನ ಕಿವಿ ಬೇರೆ ಕಡೆ ತಯಾರಾಗಿತ್ತು. ನಮ್ಮ ಕಂಪನಿ ನಾಟಕದ ರಂಗಗೀತೆಗೆ ಕಥೆಯನ್ನು ನಿಲ್ಲಿಸುವ ಹಕ್ಕಿತ್ತು. ರಾಜ ಸಾಯುತ್ತಿದ್ದರೂ ಹಾಡು ಚೆನ್ನಾಗಿದ್ದರೆ ಸಭೆ ‘ಒನ್ಸ್ ಮೋರ್’ ಎಂದು ಕೂಗಿ, ಅವನು ಎದ್ದು ಇನ್ನೊಮ್ಮೆ ಹಾಡಿ ಸಾಯಬಹುದಾಗಿತ್ತು. 1943ರ ‘ಓಕ್ಲಹೋಮ!’ದ ನಂತರ ಗಟ್ಟಿಯಾದ ಅಮೆರಿಕನ್ ಮಾದರಿಯಲ್ಲಿ ಹಾಡು ಮುಗಿಯುವಾಗ ಪಾತ್ರ ಹಾಡಿನ ಆರಂಭದಲ್ಲಿದ್ದ ಜಾಗದಲ್ಲಿ ಇರಬಾರದು, ಏನೋ ಒಂದು ನಿರ್ಧಾರಕ್ಕೆ ಬಂದಿರಬೇಕು. ಹಾಗಾಗಿ ದನಿ ಎಷ್ಟೇ ಇಂಪಾಗಿದ್ದರೂ ಮೊದಲ ಸಾಲಿನ ಮುಖವೇ ಕೊನೆಯ ಸಾಲಿನಲ್ಲಿಯೂ ಉಳಿದಿದ್ದರೆ ನಾನು ಅದನ್ನು ಕೊರತೆಯೆಂದೇ ಬರೆಯುತ್ತೇನೆ. ಗಿಲ್ಬರ್ಟ್ ಮತ್ತು ಸಲಿವನ್ ಅವರ ಹಾಸ್ಯ ಗೀತನಾಟಕಗಳಿಗೆ ಮತ್ತೆ ಬೇರೆ ಅಳತೆ. 1961ರ ಕೊನೆಗೆ ಗಿಲ್ಬರ್ಟನ ಸಾಹಿತ್ಯದ ಹಕ್ಕಿನ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಅವನ್ನು ತಮಗೆ ಬೇಕಾದಂತೆ ಆಡಬಹುದು. ಈಗಲೂ ಇಲ್ಲಿನ ಎಷ್ಟೋ ತಂಡಗಳ ಹಳೆಯ ಸದಸ್ಯರು ಹಾಡಲು ಕಲಿತದ್ದು ಅವುಗಳಿಂದಲೇ. 1879ರ ‘ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್’ನಲ್ಲಿ ಸೇನಾಧಿಕಾರಿ ಹಾಡುವ ಓಟದ ಹಾಡಿನಲ್ಲಿ ರಾಗಕ್ಕಿಂತ ವ್ಯಂಜನಗಳೇ ಮುಖ್ಯ, ಒಂದೊಂದು ಅಕ್ಷರವೂ ಕೊನೆಯ ಸಾಲಿಗೆ ಬಿಡಿಬಿಡಿಯಾಗಿ ತಲುಪದಿದ್ದರೆ ನಗೆಗೆ ದಾರಿಯೇ ಇಲ್ಲ. ಅದನ್ನು ಕೇಳುವಾಗ ನನಗೆ ತಾಳಮದ್ದಳೆಯ ವೇಗದ ಮಾತುಗಾರರು ನೆನಪಾಗುತ್ತಾರೆ.

ಹೊಸ ಸಂಗೀತ ನಾಟಕಗಳಿಗೆ ಹಕ್ಕುದಾರ ಸಂಸ್ಥೆಗಳಿಂದ ಪರವಾನಗಿ ಪಡೆಯಬೇಕು. ಒಪ್ಪಿಗೆಯಿಲ್ಲದೆ ಒಂದು ದೃಶ್ಯ ಕತ್ತರಿಸುವಂತಿಲ್ಲ, ಮಾತು ಬದಲಿಸುವಂತಿಲ್ಲ. ಇದನ್ನು ಅರಿಯದೆ ಎರಡನೆಯ ಅಂಕ ಉದ್ದವಾಯಿತೆಂದು ನಿರ್ದೇಶಕರನ್ನು ದೂರುವುದು ಅನ್ಯಾಯ. ಹಾಗೆಯೇ 60 ದಾಟಿದ ಹೆಂಗಸರು ಹದಿಹರೆಯದ ಹುಡುಗಿಯರ ಮೇಳವಾಗಿ ನಿಂತಾಗ ವಯಸ್ಸಿನ ಬಗ್ಗೆ ಬರೆಯಬೇಕಾದ್ದು ಏನೂ ಇಲ್ಲ. ಊರಿನಲ್ಲಿ ಹಾಡುವವರು ಅವರೇ. ನಾಲ್ಕು ಶ್ರುತಿಗಳು ಕೂಡಿ ಬಂದವೇ, ಉಸಿರು ಒಟ್ಟಿಗೆ ತೆಗೆದರೇ, ಹಿಂದೆ ನಿಂತವರ ಕಣ್ಣು ಕಥೆಯ ಮೇಲಿತ್ತೇ ಎಂಬುದು ಬರೆಯಬೇಕಾದ ವಿಷಯ.

ವಾದ್ಯಗಾರರನ್ನು ವಿಮರ್ಶೆಗಳು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಯಾವಾಗಲೂ ನೋವು ಕೊಡುತ್ತದೆ, ಅದರಲ್ಲಿಯೂ ಪ್ಯಾಂಟೊಮೈಮಿನ ಡ್ರಮ್ ಬಾರಿಸುವವನನ್ನು. ವಿದೂಷಕ ಜಾರಿ ಬಿದ್ದಾಗ, ಬಾಣಲೆ ತಲೆಗೆ ತಾಗಿದಾಗ, ನೊರೆಯ ಬಕೆಟ್ಟು ಮಗುಚಿದಾಗ, ಆ ಪೆಟ್ಟಿಗೆ ಸದ್ದು ಕೊಡುವವನು ಅವನು. ಅವನ ಕಣ್ಣು ನಟನ ಸೊಂಟದ ಮೇಲಿರುತ್ತದೆ, ಏಕೆಂದರೆ ಬೀಳುವ ಮನುಷ್ಯನಲ್ಲಿ ಮೊದಲು ಸಡಿಲವಾಗುವುದು ಸೊಂಟ. ಹೀಗೆಂದು ನನಗೆ ಹೇಳಿದವನು ಹಗಲು ಮರಗೆಲಸ ಮಾಡುವ ಒಬ್ಬ ಡ್ರಮ್ ವಾದಕ. ನಮ್ಮ ಆಟದಲ್ಲಿ ಚಂಡೆಯವರು ವೇಷಧಾರಿಯ ಹೆಜ್ಜೆಗೆ ಪೆಟ್ಟು ಹೊಂದಿಸಿ ಆ ಹೆಜ್ಜೆಗೆ ತೂಕ ತುಂಬುವುದನ್ನು ಬಾಲ್ಯದಿಂದ ಕೇಳಿದ್ದ ನನಗೆ ಇದು ಬೇಗ ಕಾಣಿಸಿತು. ಆ ಕೆಲಸವನ್ನು ಹೆಸರಿಸಿ, ವಿವರಿಸಿ ಬರೆದಾಗ ಅವನು ತಾನು 20 ವರ್ಷದಿಂದ ಬಾರಿಸುತ್ತಿದ್ದೇನೆ, ಪತ್ರಿಕೆಯಲ್ಲಿ ತನ್ನ ಕೈಯ ಬಗ್ಗೆ ಓದಿದ್ದು ಇದೇ ಮೊದಲು ಎಂದ.

ಹೊಗಳಿಕೆಗೆ ಇಷ್ಟು ವಿವರ ಬೇಕಾದರೆ ತೆಗಳಿಕೆಗೆ ಇನ್ನೂ ಹೆಚ್ಚು ಬೇಕು. ನಾನು ಯಾರ ಬಗ್ಗೆ ಬರೆಯುತ್ತೇನೋ ಅವರು ನನ್ನ ಬೀದಿಯಲ್ಲಿ ಇರುತ್ತಾರೆ, ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿರುತ್ತಾರೆ. ಅವರು ಸಂಬಳಕ್ಕೆ ಆಡುವವರಲ್ಲ. ಸದಸ್ಯತ್ವದ ಹಣ ತಾವೇ ಕೊಟ್ಟು ಆಡುವವರು. ಹಾಗೆಂದು ಎಲ್ಲವನ್ನೂ ಹೊಗಳಿದರೆ ನಾಲ್ಕು ತಿಂಗಳ ದುಡಿಮೆಗೆ ಅಗೌರವ ಮಾಡಿದಂತೆ. ಮಾತು ಮರೆತದ್ದನ್ನು ನಾನು ಬರೆಯುವುದಿಲ್ಲ. ಅದು ಒಂದು ರಾತ್ರಿಯ ಅಪಘಾತ. ಆದರೆ ಮಾತೇ ಕೇಳಿಸದಂತೆ ಸಭೆಗೆ ಬೆನ್ನು ಕೊಟ್ಟು ನಿಲ್ಲಿಸಿದ್ದರೆ ಅದು ನಿರ್ಧಾರ, ಅದನ್ನು ಬರೆಯುತ್ತೇನೆ. ಮಕ್ಕಳ ಬಗ್ಗೆ ದೋಷದ ಮಾತು ಎಂದೂ ಇಲ್ಲ. ಹಳೆಯ ರಂಗಕರ್ಮಿಯೊಬ್ಬರು, 1899ರಲ್ಲಿ ಹುಟ್ಟಿದ ಇಲ್ಲಿನ ಹವ್ಯಾಸಿ ರಂಗಭೂಮಿಯ ರಾಷ್ಟ್ರೀಯ ಸಂಘದ ಪರವಾಗಿ ಊರೂರು ಸುತ್ತಿ ಇಂಥ ವರದಿಗಳನ್ನು ಸ್ವಯಂಸೇವಕರಾಗಿ ಬರೆಯುತ್ತಿದ್ದವರು, ನನಗೆ ಒಂದು ಒಳ್ಳೆಯ ಅಭ್ಯಾಸ ಕಲಿಸಿದರು: ಬರೆದದ್ದನ್ನು ಆ ನಟನ ಎದುರು ಕುಳಿತು ಗಟ್ಟಿಯಾಗಿ ಓದಬಲ್ಲೆನೇ ಎಂದು ಕೇಳಿಕೊಳ್ಳುವುದು.

ಒಮ್ಮೆ ಆ ಪ್ರಶ್ನೆಗೆ ಉತ್ತರ ಹುಡುಕಲು ಮೂರು ರಾತ್ರಿ ಬೇಕಾದವು. ‘ಅಲ್ಲಾದೀನ್’ ಇಲ್ಲಿನ ಪ್ರೀತಿಯ ಪ್ಯಾಂಟೊಮೈಮುಗಳಲ್ಲಿ ಒಂದು. 1861ರಲ್ಲಿ ಎಚ್. ಜೆ. ಬೈರನ್ ಬರೆದ ರೂಪದಿಂದ ಅಲ್ಲಾದೀನನ ತಾಯಿ ಬಟ್ಟೆ ಒಗೆಯುವ ವಿಧವೆ ಟ್ವಾಂಕಿಯಾಗಿದ್ದಾಳೆ, ಕಥೆ ನಡೆಯುವುದು ಹಳೆಯ ಪೀಕಿಂಗ್ ನಗರದಲ್ಲಿ. ತಂಡವೊಂದು ಕಣ್ಣಿನ ಅಂಚುಗಳನ್ನು ಬಣ್ಣದಿಂದ ಎಳೆದು, ಜಡೆಯ ಟೋಪಿ ಹಾಕಿ, ತೊದಲು ಇಂಗ್ಲಿಷಿನಲ್ಲಿ ಪೊಲೀಸರನ್ನು ಆಡಿಸಿತು. ಸಭೆ ನಗುತ್ತಿತ್ತು. ನನ್ನಿಂದ ಮೂರು ಸಾಲು ಮುಂದೆ ಆಸ್ಪತ್ರೆಯ ಪರಿಚಯದ ಚೀನೀ ದಾದಿಯೊಬ್ಬರು ತಮ್ಮ ಆರು ವರ್ಷದ ಮಗನ ಜೊತೆ ಕುಳಿತಿದ್ದರು. ಮಗು ಮೊದಲು ನಕ್ಕಿತು, ಆಮೇಲೆ ತಾಯಿಯ ಮುಖ ನೋಡಿತು, ಆಮೇಲೆ ನಗಲಿಲ್ಲ. ನನ್ನ ಪುಸ್ತಕದಲ್ಲಿ ಆ ರಾತ್ರಿ ಬರೆದಿದ್ದ ಅತ್ಯಂತ ಮುಖ್ಯವಾದ ಸಾಲು ಅದು. ಆ ನಟರು ಕೆಟ್ಟವರಲ್ಲ, ಅವರಲ್ಲಿ ಇಬ್ಬರು ನಾನು ಕಾಯಿಲೆ ಬಿದ್ದಾಗ ಮನೆಗೆ ಸೂಪು ತಂದುಕೊಟ್ಟವರು. ಕೊನೆಗೆ ನಾನು ಬರೆದದ್ದು ಇಷ್ಟು: ಪೊಲೀಸರ ದೃಶ್ಯ ಬಿಟ್ಟರೆ ಈ ಪ್ರಯೋಗದ ಉಳಿದೆಲ್ಲ ನಗೆ ಸಭೆಯ ಪ್ರತಿಯೊಬ್ಬರಿಗೂ ಸೇರಿತ್ತು, ಆ ದೃಶ್ಯದ ನಗೆ ಸಭೆಯಲ್ಲಿದ್ದ ಕೆಲವರನ್ನು ಹೊರಗೆ ನಿಲ್ಲಿಸಿತು, ಪ್ಯಾಂಟೊಮೈಮ್ ಯಾರನ್ನೂ ಹೊರಗೆ ನಿಲ್ಲಿಸುವ ಕಲೆಯಲ್ಲ. ಹಲವು ರಂಗಮಂದಿರಗಳು ಈಗ ಕಥೆಯನ್ನು ಕಾಲ್ಪನಿಕ ಊರಿಗೆ ಒಯ್ದಿವೆ ಎಂಬುದನ್ನೂ ಸೇರಿಸಿದೆ. ಒಂದು ವರ್ಷ ಆ ತಂಡದ ಕೆಲವರು ನನ್ನೊಡನೆ ಮಾತು ಕಡಿಮೆ ಮಾಡಿದರು. ಮುಂದಿನ ಸಲ ಅದೇ ನಾಟಕ ಆಡಿದಾಗ ಬಟ್ಟೆ ಒಗೆಯುವ ಅಂಗಡಿ ನಮ್ಮದೇ ಪಟ್ಟಣದ ಮಾರುಕಟ್ಟೆ ಬೀದಿಗೆ ಬಂದಿತ್ತು.

ನಗೆಗೂ ನಮಗೂ ಈ ದೇಶದ ಜೊತೆ ಹಳೆಯ ನಂಟೊಂದು ಇದೆ. ಭೂಗರ್ಭಶಾಸ್ತ್ರ ಓದಲೆಂದು ಲಂಡನ್ನಿಗೆ ಬಂದಿದ್ದ ಟಿ. ಪಿ. ಕೈಲಾಸಂ ಅಲ್ಲಿನ ರಂಗಮಂದಿರಗಳನ್ನೂ ಚೆನ್ನಾಗಿಯೇ ಓದಿಕೊಂಡು ಊರಿಗೆ ಮರಳಿದರು. ಇಂಗ್ಲಿಷ್ ಹಾಡಿನ ಧಾಟಿಯಲ್ಲಿ ಅಕ್ಷರ ಬಿಡಿಸಿ ಹೇಳುವ ಅವರ ‘ಕೋಳೀಕೆ ರಂಗ’ ಇಂದಿಗೂ ನಮ್ಮ ಮಕ್ಕಳ ಬಾಯಲ್ಲಿದೆ. ಪ್ಯಾಂಟೊಮೈಮಿನ ಕೊನೆಗೆ ಸೀನು ಬದಲಿಸಲು ಸಮಯ ಬೇಕಾದಾಗ, ಹಾಡಿನ ಸಾಹಿತ್ಯ ಬರೆದ ದೊಡ್ಡ ಬಟ್ಟೆಯನ್ನು ಇಳಿಬಿಟ್ಟು ಇಡೀ ಸಭೆಯಿಂದ ಹಾಡಿಸುವ ಪದ್ಧತಿ ಇದೆ. ಅದನ್ನು ನೋಡುವಾಗಲೆಲ್ಲ ನನ್ನ ಬಾಯಿಗೆ ಆ ಹಾಡೇ ಬರುತ್ತದೆ.

ಕಳೆದ ಜನವರಿಯಲ್ಲಿ ಅಂಥದೇ ಹೊತ್ತಿನಲ್ಲಿ ನಾಲ್ಕು ಮಕ್ಕಳನ್ನು ರಂಗಕ್ಕೆ ಕರೆದರು. ಮೂವರು ಹೆಸರು, ವಯಸ್ಸು ಹೇಳಿ ಚಪ್ಪಾಳೆ ಪಡೆದರು. ನಾಲ್ಕನೆಯವಳು ಐದು ವರ್ಷದ ಹುಡುಗಿ. ಮೈಕು ಮುಂದೆ ಬಂದಾಗ ತುಟಿ ಬಿಗಿದು ನಿಂತುಬಿಟ್ಟಳು. ಡೇಮ್ ಪಾತ್ರದಲ್ಲಿದ್ದವರು ಅದೇ ಬಸ್ ಚಾಲಕರು, ಈಗ 70 ದಾಟಿದವರು. ಇಂಥ ಕಡೆ ಒಂದು ತಮಾಷೆಯ ಮಾತು ಹಾರಿಸಿ ಮುಂದೆ ಹೋಗುವುದು ವಾಡಿಕೆ, ಸಭೆಯೂ ಅದಕ್ಕೆ ಸಿದ್ಧವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಮೈಕನ್ನು ಕೆಳಗಿಟ್ಟರು. ಬಣ್ಣದ ಲಂಗವನ್ನು ಎರಡೂ ಕೈಯಿಂದ ಹಿಡಿದು, ಮಂಡಿ ನೋವಿನಿಂದ ನಿಧಾನವಾಗಿ, ಅವಳ ಪಕ್ಕ ನೆಲದ ಮೇಲೆ ಕುಳಿತರು. ಆ ದೊಡ್ಡ ಬೂಟುಗಳು ಸಭೆಯ ಕಡೆಗೆ ಚಾಚಿಕೊಂಡವು. ಅವರೂ ಏನೂ ಹೇಳದೆ, ಹುಡುಗಿ ನೋಡುತ್ತಿದ್ದ ಕಡೆಗೇ ನೋಡುತ್ತ ಕುಳಿತರು. 200 ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಸೆಕೆಂಡು ಎಣಿಸಿದೆ, ಹನ್ನೊಂದರ ಹತ್ತಿರ ಬಂದಾಗ ಹುಡುಗಿ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ತಲೆಯಾಡಿಸಿದರು. ಅವಳು ಹೇಳಿದ್ದೇನೆಂದು ಸಭೆಗೆ ಹೇಳಲಿಲ್ಲ. ಡ್ರಮ್ಮಿನವನು ಮೆಲ್ಲಗೆ, ಬೆರಳ ತುದಿಯಿಂದ ಎಂಬಂತೆ, ಹಾಡಿನ ತಾಳ ಎತ್ತಿಕೊಟ್ಟ.

ಆ ಭಾನುವಾರ ಬೆಳಿಗ್ಗೆಯೆಲ್ಲ ನಾನು ಬರೆದದ್ದು ಆ ಹನ್ನೊಂದು ಸೆಕೆಂಡುಗಳ ಬಗ್ಗೆ. ಮಧ್ಯಾಹ್ನ ಸಭಾಂಗಣದ ಕಡೆ ನಡೆದು ಹೋದಾಗ ಸೀನರಿಯ ಹಲಗೆಗಳನ್ನು ಲಾರಿಗೆ ಏರಿಸುತ್ತಿದ್ದರು. ನಾನೂ ಒಂದು ತುದಿ ಹಿಡಿದೆ.